ಪರದೇಶದಲ್ಲಿ ಮುಪ್ಪು: ಅಪ್ಪ-ಅಮ್ಮನ ಆರೈಕೆಗೆ ಹದಿನಾಲ್ಕು ಸೂತ್ರಗಳು

ಆಸ್ಟ್ರೇಲಿಯಾದ 2021ರ ಜನಗಣತಿಯ ಪ್ರಕಾರ ಅಲ್ಲಿರುವ ಭಾರತ ಸಂಜಾತರು 6,73,352. ಹೊರದೇಶದಲ್ಲಿ ಹುಟ್ಟಿ ಅಲ್ಲಿ ನೆಲೆಸಿದವರ ಪಟ್ಟಿಯಲ್ಲಿ ಆಗ ಇಂಗ್ಲೆಂಡಿನವರನ್ನು ಬಿಟ್ಟರೆ ನಮ್ಮವರೇ ಹೆಚ್ಚಿದ್ದರು. ಬಹುಪಾಲು ದುಡಿಯುವ ವಯಸ್ಸಿನವರು. ಆದರೆ ಮಕ್ಕಳ ಬೆನ್ನಿಗೆ ಹೋದ ಅಪ್ಪ-ಅಮ್ಮಂದಿರು, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಹೋಗಿ ಅಲ್ಲೇ ಉಳಿದ ಅಜ್ಜ-ಅಜ್ಜಿಯರು ಈಗ ಎಪ್ಪತ್ತು, ಎಂಬತ್ತು ದಾಟುತ್ತಿದ್ದಾರೆ. ಸಿಡ್ನಿಯ ವೆಂಟ್‌ವರ್ತ್‌ವಿಲ್, ಮೆಲ್ಬೋರ್ನಿನ ಟಾರ್ನೀಟ್, ಪಾಯಿಂಟ್ ಕುಕ್‌ನಂಥ ಬಡಾವಣೆಗಳ ಕನ್ನಡ ಮನೆಗಳಲ್ಲಿ ಈಗ ಬಾಣಂತನದ ಮಾತಿನಷ್ಟೇ ಮಂಡಿನೋವಿನ ಮಾತೂ ನಡೆಯುತ್ತದೆ.

ಅಲ್ಲಿ ವಯಸ್ಸಾದವರಿಗೆ ಮನೆಗೇ ಬಂದು ನೆರವಾಗುವ ಸರ್ಕಾರಿ ವ್ಯವಸ್ಥೆ ಇದೆ. ಬಂದ ನೆರವು ನಮ್ಮ ಹಿರಿಯರ ರೀತಿ-ನೀತಿಗೆ ಒಗ್ಗದಿದ್ದರೆ ಮಾತ್ರ ಅದು ಇದ್ದೂ ಇಲ್ಲದಂತೆ. ಬಾಯಿಗೆ ಹಿಡಿಸದ ಊಟವನ್ನು ಅಜ್ಜಿ ತಟ್ಟೆಯಲ್ಲೇ ಬಿಡುತ್ತಾರೆ, ತೂಕ ಇಳಿಯುತ್ತದೆ. ಪರಗಂಡಸಿನ ಕೈಯಲ್ಲಿ ಸ್ನಾನ ಬೇಡವೆಂದು ದಿನಗಟ್ಟಲೆ ಮೈ ತೊಳೆಯದೆ ಇರುತ್ತಾರೆ, ಚರ್ಮ ಕೆಡುತ್ತದೆ. ಹೇಳಿದ್ದು ಅರ್ಥವಾಗದೆ ಮಾತ್ರೆ ತಪ್ಪುತ್ತದೆ. ಹೀಗಾಗಿ ರೂಢಿಗೆ ತಕ್ಕ ಆರೈಕೆ ನೇರವಾಗಿ ಆರೋಗ್ಯದ ವಿಷಯ. ಬಾಯಿಬಿಟ್ಟು ಕೇಳಿದವರಿಗೆ, ಕೇಳಿದ್ದನ್ನು ಬರವಣಿಗೆಯಲ್ಲಿ ಕೊಟ್ಟವರಿಗೆ ಅದು ಸಿಗುತ್ತದೆ. ಸಂಕೋಚಪಟ್ಟು ಕೂತವರಿಗೆ ಸಿಗುವುದು ಕಡಿಮೆ. ಅಲ್ಲಿರುವ ಮಕ್ಕಳಿಗೂ, ಹೋಗಿ ನೆಲೆಸುವ ಯೋಚನೆಯಲ್ಲಿರುವ ಇಲ್ಲಿನ ತಂದೆತಾಯಿಗಳಿಗೂ ಈ ಸೂತ್ರಗಳು.

1. ಬೀಳುವ ಮೊದಲೇ ಹೆಸರು ಬರೆಸಿ

ಎಲ್ಲದಕ್ಕೂ ಬಾಗಿಲು ‘ಮೈ ಏಜ್ಡ್ ಕೇರ್’. ದೂರವಾಣಿ 1800 200 422. 65 ತುಂಬಿದವರು ಅರ್ಜಿ ಹಾಕಬಹುದು. 2025ರ ನವೆಂಬರ್ 1ರಂದು, ಅಂದರೆ ನಮ್ಮ ರಾಜ್ಯೋತ್ಸವದ ದಿನವೇ, ಅಲ್ಲಿ ಹೊಸ ವೃದ್ಧರ ಆರೈಕೆ ಕಾಯ್ದೆ ಜಾರಿಗೆ ಬಂತು. ‘ಸಪೋರ್ಟ್ ಅಟ್ ಹೋಮ್’ ಎಂಬ ಹೊಸ ಕಾರ್ಯಕ್ರಮವೂ ಅಂದೇ ಶುರುವಾಯಿತು. ಅಗತ್ಯಕ್ಕೆ ತಕ್ಕಂತೆ ಎಂಟು ಹಂತಗಳು, ಮೂರು ತಿಂಗಳಿಗೊಮ್ಮೆ ಬಜೆಟ್. ದಾದಿಯರ ಸೇವೆ, ಫಿಸಿಯೋಥೆರಪಿಯಂಥ ವೈದ್ಯಕೀಯ ನೆರವಿನ ಖರ್ಚು ಪೂರ್ತಿ ಸರ್ಕಾರದ್ದು. ಸ್ನಾನ ಮಾಡಿಸುವುದು, ಮನೆ ಗುಡಿಸುವುದು, ಊಟ ಇವುಗಳಿಗೆ ಆದಾಯ-ಆಸ್ತಿ ನೋಡಿ ಹಿರಿಯರೂ ಒಂದು ಪಾಲು ಕೊಡಬೇಕು. ಸಣ್ಣಪುಟ್ಟ ನೆರವಷ್ಟೇ ಸಾಕೆನ್ನುವವರಿಗೆ ಬೇರೆ ಹಗುರವಾದ ಕಾರ್ಯಕ್ರಮವೂ ಇದೆ.

ಅರ್ಜಿ ಹಾಕಿದ ಮರುದಿನ ಯಾರೂ ಬಂದು ಬಾಗಿಲು ತಟ್ಟುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಸೊಂಟ ಮುರಿದ ಮೇಲೆ ಅರ್ಜಿ ಹುಡುಕುವ ಮನೆಗಳೇ ಹೆಚ್ಚು. ಮೆಟ್ಟಿಲು ಹತ್ತಲು ಕೈಹಿಡಿ ಬೇಕೆನಿಸಿದ ದಿನವೇ ಕರೆ ಮಾಡಿ.

ವೀಸಾದ ಕಡೆಗೂ ಗಮನವಿರಲಿ. 870 ಸಂಖ್ಯೆಯ ತಾತ್ಕಾಲಿಕ ವೀಸಾದಲ್ಲಿ ಬಂದ ತಂದೆತಾಯಿಗೆ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಸಿಗುವುದಿಲ್ಲ, ಖಾಸಗಿ ವಿಮೆ ಮಾಡಿಸಲೇಬೇಕು. ಕಾಯಂ ವೀಸಾದವರ ಲೆಕ್ಕವೇ ಬೇರೆ. ಊರಿನ ಮನೆಗೆ ಬೀಗ ಹಾಕುವ ಮೊದಲು ಈ ವ್ಯತ್ಯಾಸ ತಿಳಿದುಕೊಳ್ಳಿ.

2. ಅಸೆಸರ್ ಬಂದಾಗ ಮನೆಗೆ ನೆಂಟರು ಬಂದಂತೆ ನಡೆದುಕೊಳ್ಳಬೇಡಿ

ಎಷ್ಟು ನೆರವು ಬೇಕೆಂದು ನಿರ್ಧರಿಸಲು ಒಬ್ಬರು ಮನೆಗೆ ಬಂದು ಪ್ರಶ್ನೆ ಕೇಳುತ್ತಾರೆ. ನಮ್ಮ ಅಮ್ಮಂದಿರು ಆ ದಿನ ಒಳ್ಳೆಯ ಸೀರೆ ಉಟ್ಟು, ನೋವನ್ನು ಹಲ್ಲುಕಚ್ಚಿ ತಡೆದು, ತಾವೇ ಎದ್ದು ಹೋಗಿ ಕಾಫಿ ಮಾಡಿ ತರುತ್ತಾರೆ. “ಎಲ್ಲಾ ನಾನೇ ಮಾಡ್ಕೋತೀನಿ, ಏನೂ ತೊಂದ್ರೆ ಇಲ್ಲ” ಅನ್ನುತ್ತಾರೆ. ಬಂದವರು ಹಾಗೆಯೇ ಬರೆದುಕೊಂಡು ಹೋಗುತ್ತಾರೆ. ಹಂತ ಕೆಳಗಿನದು ಸಿಗುತ್ತದೆ. ರಾತ್ರಿ ಮೂರು ಸಲ ಎದ್ದು ಶೌಚಕ್ಕೆ ಕರೆದೊಯ್ಯುವ ಕೆಲಸ ಮಗಳ ಪಾಲಿಗೇ ಉಳಿಯುತ್ತದೆ.

ಹಿಂದಿನ ವಾರದಲ್ಲೇ ಕೂತು ಬರೆದಿಡಿ: ಕಳೆದ ವರ್ಷ ಎಷ್ಟು ಸಲ ಬಿದ್ದರು, ಸ್ನಾನಕ್ಕೆ ಎಷ್ಟು ಹೊತ್ತು ಬೇಕು, ಯಾವ ಕೆಲಸ ಬಿಟ್ಟಿದ್ದಾರೆ, ಯಾವುದನ್ನು ಸೊಸೆ ಮಾಡಿಕೊಡುತ್ತಾಳೆ. ಅತ್ಯಂತ ಕೆಟ್ಟ ದಿನ ಹೇಗಿರುತ್ತದೆ ಎಂಬುದನ್ನು ಹೇಳಿ. ಅಪ್ಪನ ಎದುರು ಹೇಳಲು ಮುಜುಗರವಾಗುವ ಸಂಗತಿಯಿದ್ದರೆ, ಬೇರೆಯಾಗಿ ಮಾತಾಡಬೇಕೆಂದು ಅಸೆಸರ್‌ಗೆ ಮುಂಚೆಯೇ ತಿಳಿಸಿ.

3. ಮಗನನ್ನು ದುಭಾಷಿ ಮಾಡಬೇಡಿ

ಆಸ್ಟ್ರೇಲಿಯಾದ ದೂರವಾಣಿ ದುಭಾಷಿ ಸೇವೆ 1973ರಷ್ಟು ಹಳೆಯದು. ಈಗ ಅದು ಹಗಲೂ ರಾತ್ರಿ, ನೂರೈವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ನಡೆಯುತ್ತದೆ. ಸಂಖ್ಯೆ 131 450. ಮೈ ಏಜ್ಡ್ ಕೇರ್‌ಗೆ ಕರೆ ಮಾಡಿದಾಗ ದುಭಾಷಿ ಬೇಕೆಂದರೆ ಅದಕ್ಕೆ ಶುಲ್ಕವಿಲ್ಲ. ಕನ್ನಡದ ದುಭಾಷಿಗಳು ಕಡಿಮೆ, ಆದ್ದರಿಂದ ದಿನ ಗೊತ್ತುಮಾಡಿ ಮೊದಲೇ ಕಾಯ್ದಿರಿಸಿ. “ಹಿಂದಿಯವರಿದ್ದಾರೆ, ಆಗುತ್ತಾ?” ಎಂದು ಕೇಳಿದರೆ, ಅಮ್ಮನಿಗೆ ಹಿಂದಿ ಬಾರದಿದ್ದಲ್ಲಿ ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ.

ಮನೆಯಲ್ಲೇ ಇಂಗ್ಲಿಷ್ ಬಲ್ಲ ಮಗ ಇರುವಾಗ ಹೊರಗಿನವರೇಕೆ ಎಂದು ಅನ್ನಿಸಬಹುದು. ಮೂತ್ರ ತಡೆಯಲಾಗುತ್ತಿಲ್ಲ ಎಂಬುದನ್ನು ಯಾವ ತಾಯಿಯೂ ಮಗನ ಬಾಯಲ್ಲಿ ಹೇಳಿಸುವುದಿಲ್ಲ. ವೈದ್ಯರು ಗಡ್ಡೆಯ ವಿಷಯ ಹೇಳಿದರೆ ಮಗ ಅದನ್ನು ಅರ್ಧಕ್ಕೆ ಇಳಿಸಿ ಅಪ್ಪನಿಗೆ ಹೇಳುತ್ತಾನೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾನೆ. ಆದರೆ ತನ್ನ ದೇಹದ ಸುದ್ದಿ ತಿಳಿಯಬೇಕಾದ ಮನುಷ್ಯನಿಗೇ ಅದು ತಿಳಿಯದೆ ಹೋಗುತ್ತದೆ. ಮಗ ಪಕ್ಕದಲ್ಲಿರಲಿ, ಮಾತನ್ನು ದುಭಾಷಿ ದಾಟಿಸಲಿ.

4. ಅಮ್ಮನ ದಿನಚರಿಯನ್ನು ಒಂದು ಪುಟದಲ್ಲಿ ಬರೆದುಕೊಡಿ

ಈ ಪಟ್ಟಿಯಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಸೇವೆ ಕೊಡುವ ಸಂಸ್ಥೆ ಪ್ರತಿಯೊಬ್ಬರಿಗೂ ‘ಕೇರ್ ಪ್ಲಾನ್’ ಎಂಬ ಕಡತ ಇಟ್ಟಿರುತ್ತದೆ. ಕೆಲಸಕ್ಕೆ ಬರುವ ಕೇರರ್ ಅದನ್ನು ನೋಡಿಕೊಂಡು ಕೆಲಸ ಮಾಡುತ್ತಾರೆ. ಅದರಲ್ಲಿ ಇಲ್ಲದ್ದು ಅವರಿಗೆ ತಿಳಿಯುವುದಿಲ್ಲ. ಇವತ್ತು ಬಂದವರಿಗೆ ಬಾಯಿಮಾತಲ್ಲಿ ಹೇಳಿದ್ದು ನಾಳೆ ಬರುವವರಿಗೆ ತಲುಪುವುದಿಲ್ಲ.

ಹೀಗೆ ಬರೆಯಿರಿ. ಎದ್ದೊಡನೆ ಬಾಯಿ ತೊಳೆದು ಬಿಸಿನೀರು ಕುಡಿಯುತ್ತಾರೆ. ಸ್ನಾನವಾಗದೆ ತಿಂಡಿ ತಿನ್ನುವುದಿಲ್ಲ. ಆದ್ದರಿಂದ ಸ್ನಾನಕ್ಕೆ ನೆರವಾಗುವವರು ಹನ್ನೊಂದಕ್ಕೆ ಬಂದರೆ ಅಲ್ಲಿಯವರೆಗೆ ಹೊಟ್ಟೆ ಖಾಲಿ, ಸಕ್ಕರೆ ಕಾಯಿಲೆಯ ಮಾತ್ರೆಯೂ ಬಾಕಿ. ಏಕಾದಶಿಯಂದು ಉಪವಾಸ, ಅಂದು ಇನ್ಸುಲಿನ್ ಎಷ್ಟು ಎಂದು ವೈದ್ಯರನ್ನು ಕೇಳಿ ಬರೆಸಿಕೊಂಡಿದ್ದೇವೆ. ಹೆಸರು ಹಿಡಿದು ಕರೆದರೆ ಇಷ್ಟವಾಗುವುದಿಲ್ಲ, ‘ಅಮ್ಮ’ ಅನ್ನಿ. ಮಾಂಗಲ್ಯ, ಕಾಲುಂಗುರ ತೆಗೆಯುವುದಿಲ್ಲ; ಸ್ಕ್ಯಾನಿಂಗ್‌ಗೆ ತೆಗೆಯಲೇಬೇಕಾದರೆ ಮೊದಲು ಮಗಳಿಗೆ ಫೋನ್ ಮಾಡಿ. ಅಪ್ಪ ಎದೆಯ ಮೇಲೆ ಇಷ್ಟಲಿಂಗ ಧರಿಸುತ್ತಾರೆ. ಮೈ ತೊಳೆಸುವಾಗ ಅದನ್ನು ಮುಟ್ಟಿ ಪಕ್ಕಕ್ಕಿಡಬಾರದು, ಅವರೇ ಸರಿಸಿಕೊಳ್ಳುತ್ತಾರೆ. ಎಡಗೈಯಲ್ಲಿ ಊಟ ಕೊಡಬೇಡಿ.

ಚಪ್ಪಲಿ-ಬೂಟಿನ ವಿಷಯ ಅನೇಕ ಮನೆಗಳಲ್ಲಿ ಮನಸ್ತಾಪಕ್ಕೆ ದಾರಿ ಮಾಡಿದೆ. ಕೆಲಸದ ಸುರಕ್ಷತೆಯ ನಿಯಮದಂತೆ ಕೇರರ್‌ಗಳು ಮುಚ್ಚಿದ ಬೂಟು ಹಾಕಿರಲೇಬೇಕೆಂದು ಸಂಸ್ಥೆಗಳು ಹೇಳುತ್ತವೆ. ನಮ್ಮ ಹಿರಿಯರಿಗೆ ಬೂಟುಗಾಲು ಅಡುಗೆಮನೆಗೆ ಬಂದರೆ ಸಹಿಸದು. ಇಬ್ಬರೂ ತಮ್ಮ ಮಟ್ಟಿಗೆ ಸರಿ. ಒಳಗೆ ಮಾತ್ರ ಬಳಸುವ ಬೇರೆ ಜೊತೆ ಬೂಟನ್ನು ತಂದಿಡಲು ಕೇಳಿ, ಅಥವಾ ಬಾಗಿಲ ಬಳಿ ಬೂಟಿನ ಮೇಲೆ ಹಾಕುವ ಜಾರದ ಕವರ್ ಇಡಿ. ಇದೂ ಆ ಪುಟದಲ್ಲಿರಲಿ.

ಇಂಗ್ಲಿಷಿನಲ್ಲಿ ಒಂದು ಪ್ರತಿ, ಕನ್ನಡದಲ್ಲಿ ಒಂದು ಪ್ರತಿ ಮಾಡಿ. ಕನ್ನಡದ್ದನ್ನು ಅಮ್ಮನಿಗೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಮಕ್ಕಳಿಗೆ ಗೊತ್ತಿದೆ ಎಂದುಕೊಂಡದ್ದರಲ್ಲಿ ಎಷ್ಟೋ ತಪ್ಪಿರುತ್ತದೆ. ಇಂಗ್ಲಿಷ್ ಪ್ರತಿಯನ್ನು ಸಂಸ್ಥೆಗೆ ಇಮೇಲ್ ಮಾಡಿ, ಫ್ರಿಜ್ಜಿನ ಬಾಗಿಲಿಗೂ ಅಂಟಿಸಿ. ಆಂಬುಲೆನ್ಸಿನವರು ಬಂದರೂ ಅದನ್ನೇ ನೋಡುತ್ತಾರೆ.

5. ‘ಇಂಡಿಯನ್’ ಎಂದು ಟಿಕ್ ಹಾಕಿ ಸುಮ್ಮನಾಗಬೇಡಿ

ಅರ್ಜಿಯಲ್ಲಿ ‘ಇಂಡಿಯನ್’ ಎಂದಿದ್ದರೆ ಹಿಂದಿ ಹಾಡು, ಪನೀರ್, ನಾನ್ ಬರುತ್ತವೆ. ಹುಬ್ಬಳ್ಳಿಯ ಅಜ್ಜನಿಗೆ ಜೋಳದ ರೊಟ್ಟಿ, ಮಂಡ್ಯದ ಗೌಡರಿಗೆ ಮುದ್ದೆ-ಬಸ್ಸಾರು, ಉಡುಪಿಯ ಮಡಿವಂತ ಅಮ್ಮನಿಗೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆ, ಕೊಡಗಿನವರಿಗೆ ಹಂದಿಮಾಂಸ, ಮಂಗಳೂರಿನ ಬ್ಯಾರಿ ಕುಟುಂಬಕ್ಕೆ ಹಲಾಲ್, ಕಥೊಲಿಕ್ ಅಜ್ಜಿಗೆ ಭಾನುವಾರದ ಪೂಜೆ. ಇವರೆಲ್ಲರೂ ಕನ್ನಡ ನಾಡಿನವರೇ. ಮನೆಮಾತು ತುಳುವೋ ಕೊಂಕಣಿಯೋ ಕೊಡವವೋ ಆಗಿದ್ದರೆ ಅದನ್ನೂ ನಮೂದಿಸಿ. ಏಕೆಂಬುದು ಒಂಬತ್ತನೆಯ ಸೂತ್ರದಲ್ಲಿದೆ.

6. ಬಚ್ಚಲುಮನೆಯನ್ನು ಅವರ ರೂಢಿಗೆ ಹೊಂದಿಸಿ

ಹೆಂಗಸರಿಗೆ ಹೆಂಗಸರೇ ಬೇಕೆಂದು ಮೊದಲ ದಿನವೇ ಬರೆಸಿ. ಗಂಡಸರಿಗೂ ಇದು ಅನ್ವಯಿಸುತ್ತದೆ. ಅಪ್ಪಂದಿರು ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಮೇಲಿಂದ ಸುರಿಯುವ ಶವರ್ ಕೆಳಗೆ ನಿಲ್ಲುವುದು ಹಲವು ಹಿರಿಯರಿಗೆ ಭಯ. ಜೀವನವಿಡೀ ಕೂತು, ಚೊಂಬಿನಲ್ಲಿ ನೀರು ಹೊಯ್ದುಕೊಂಡವರು. ಗಟ್ಟಿ ಕುರ್ಚಿ, ಕೈಯಲ್ಲಿ ಹಿಡಿಯುವ ಶವರ್ ಅಥವಾ ಬಕೆಟ್-ಮಗ್, ಗೋಡೆಗೆ ಹಿಡಿಕೆ, ಜಾರದ ಚಾಪೆ ಇಷ್ಟಿದ್ದರೆ ಸಾಕು. ಎಣ್ಣೆಸ್ನಾನ ಬೇಕೆಂದರೆ ಕುರ್ಚಿಯಲ್ಲಿ ಕೂತ ಮೇಲೆಯೇ ಎಣ್ಣೆ ಹಚ್ಚಲಿ, ಪಾದಕ್ಕೆ ಬೇಡ, ನೆಲಕ್ಕೆ ಬಿದ್ದ ಎಣ್ಣೆ ಒರೆಸುವವರೆಗೆ ಏಳಿಸಬೇಡಿ. ಶೌಚಕ್ಕೆ ನೀರು ಬೇಕು, ಕಾಗದ ಸಾಲದು. ಕಮೋಡಿನ ಪಕ್ಕ ಹ್ಯಾಂಡ್ ಶವರ್ ಹಾಕಿಸಿ. ಮನೆ ಮಾರ್ಪಾಡಿಗೆ, ಸಲಕರಣೆಗೆ ಸಪೋರ್ಟ್ ಅಟ್ ಹೋಮ್‌ನಲ್ಲಿ ಬೇರೆಯೇ ಹಣವಿದೆ. ಯಾವುದಕ್ಕೆ ಸಿಗುತ್ತದೆ ಎಂಬುದನ್ನು ಆಕ್ಯುಪೇಷನಲ್ ಥೆರಪಿಸ್ಟ್ ಬಂದಾಗ ವಿಚಾರಿಸಿ.

7. ಊಟವನ್ನು ಬದಲಿಸಬೇಡಿ, ಹದ ಬದಲಿಸಿ

ಸಕ್ಕರೆ ಕಾಯಿಲೆ ಬಂದೊಡನೆ ಅನ್ನ ಬಿಡಿಸಿ ಸಲಾಡ್ ತಿನ್ನಿಸಲು ಹೊರಡುವ ಮಕ್ಕಳಿದ್ದಾರೆ. ಎಂಬತ್ತರ ಜೀವ ಸಲಾಡ್ ಒಪ್ಪುವುದಿಲ್ಲ, ಉಪವಾಸ ಬೀಳುತ್ತದೆ. ಆ ವಯಸ್ಸಿನಲ್ಲಿ ತೂಕ ಇಳಿಯುವುದೂ ಅಪಾಯ. ಅನ್ನ ಒಂದು ಸೌಟು ಕಡಿಮೆ, ಹುಳಿಯಲ್ಲಿ ಬೇಳೆ-ತರಕಾರಿ ಹೆಚ್ಚು, ಜೊತೆಗೆ ಮೊಸರು ಅಥವಾ ಕಾಳಿನ ಉಸಲಿ ಎಂದರೆ ಕೇಳುತ್ತಾರೆ. ಡಯಟೀಶಿಯನ್ ಹತ್ತಿರ ಹೋಗುವಾಗ ಮನೆಯ ಸೌಟು, ಲೋಟದ ಅಳತೆಯಲ್ಲಿ ದಿನದ ಊಟ ಬರೆದುಕೊಂಡು ಹೋಗಿ. ಮುದ್ದೆ ಎಂದರೇನೆಂದು ಅವರಿಗೆ ಗೊತ್ತಿರುವುದಿಲ್ಲ, ಗಾತ್ರ ತೋರಿಸಿ.

ಪಾರ್ಶ್ವವಾಯು ಅಥವಾ ಪಾರ್ಕಿನ್‌ಸನ್ ಬಂದವರಿಗೆ ನುಂಗುವುದು ಕಷ್ಟ. ಇಲ್ಲಿ ನಮ್ಮ ಅಡುಗೆಯ ಒಳಗುಟ್ಟು ತಿಳಿಯದ, ನುಂಗುವ ತೊಂದರೆ ನೋಡುವ ಸ್ಪೀಚ್ ಪೆಥಾಲಜಿಸ್ಟ್‌ಗೆ ನೀವೇ ಹೇಳಿಕೊಡಬೇಕು. ತಿಳಿಸಾರು, ನೀರುಮಜ್ಜಿಗೆ ಬೇಗ ಗಂಟಲಿಗಿಳಿದು ಶ್ವಾಸನಾಳಕ್ಕೆ ಹೋಗಬಹುದು. ಸಾರನ್ನದಲ್ಲಿ ಅಗುಳು ಬೇರೆ, ನೀರು ಬೇರೆಯಾಗುವುದರಿಂದ ಅದು ಇನ್ನೂ ಕಷ್ಟ. ಚುರುಮುರಿ, ಒಣ ಅವಲಕ್ಕಿ ಬೇಡವೇ ಬೇಡ. ಅದರ ಬದಲು ಒಂದೇ ಹದಕ್ಕೆ ಬೆಂದ ಗಂಜಿ, ಗಟ್ಟಿ ರಾಗಿ ಅಂಬಲಿ, ಚೆನ್ನಾಗಿ ಮಸೆದ ಮೊಸರನ್ನ, ಪೊಂಗಲ್ ಇವೆಯಲ್ಲ! ಇವುಗಳಲ್ಲಿ ಯಾವುದು, ಎಷ್ಟು ಗಟ್ಟಿ ಎಂದು ಅವರ ಎದುರಿಗೇ ಮಾಡಿ ತೋರಿಸಿ ಒಪ್ಪಿಗೆ ಪಡೆಯಿರಿ. ಆಸ್ಪತ್ರೆಯ ರುಚಿಯಿಲ್ಲದ ಪ್ಯೂರಿಗಿಂತ ಅಮ್ಮ ಇದನ್ನು ಖುಷಿಯಿಂದ ತಿನ್ನುತ್ತಾರೆ.

ಇನ್ನೊಂದು ಮಾತು, ಅಪ್ಪಟ ಸಸ್ಯಾಹಾರಿಗಳಿಗೆ. ಜೆಲ್ಲಿಯಲ್ಲಿ, ಎಷ್ಟೋ ಔಷಧದ ಕ್ಯಾಪ್ಸೂಲ್‌ಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಬೇರೆ ರೂಪದಲ್ಲಿ ಸಿಗುತ್ತದೆಯೇ ಎಂದು ಫಾರ್ಮಸಿಸ್ಟರನ್ನು ಕೇಳಿ.

8. ದೇವರ ದೀಪ ಉರಿಯಲಿ, ಆದರೆ ಎಚ್ಚರದಿಂದ

ನೆಲದ ಮೇಲೆ ಕೂರಲಾಗದವರಿಗೆ ದೇವರ ಗೂಡನ್ನು ಕುರ್ಚಿಯ ಮಟ್ಟಕ್ಕೆ ಎತ್ತಿಸಿ. ಮನೆಯಲ್ಲಿ ಆಕ್ಸಿಜನ್ ಯಂತ್ರ ಬಳಸುತ್ತಿದ್ದರೆ ಬೆಂಕಿಯ ದೀಪ, ಊದುಬತ್ತಿ, ಕರ್ಪೂರ ಸರ್ವಥಾ ಕೂಡದು. ಬ್ಯಾಟರಿ ದೀಪ ಹಚ್ಚಿ. ಪುರೋಹಿತರೋ ಮಠದ ಸ್ವಾಮಿಗಳೋ ಫೋನಿನಲ್ಲಿ ಒಂದು ಮಾತು ಹೇಳಿದರೆ ಹಿರಿಯರು ಒಪ್ಪುತ್ತಾರೆ.

9. ಮರೆವನ್ನು ವಯಸ್ಸಿಗೆ ಸಹಜವೆಂದು ತಳ್ಳಿಹಾಕಬೇಡಿ

“ಅರಳು ಮರಳು” ಎಂದು ನಕ್ಕು ಬಿಡುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಬಹುಕಾಲದ ಸಸ್ಯಾಹಾರಿಗಳಿಗೆ, ಅದರಲ್ಲೂ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನುಂಗುತ್ತಿರುವವರಿಗೆ ಬಿ12 ಜೀವಸತ್ವದ ಕೊರತೆ ಬರಬಹುದು. ಅದರಿಂದಲೂ ಮರೆವು, ಕಾಲು ಜೋಮು ಕಾಣಿಸಿಕೊಳ್ಳುತ್ತದೆ; ಚಿಕಿತ್ಸೆಯೂ ಇದೆ. ಥೈರಾಯ್ಡ್, ಖಿನ್ನತೆ, ಕಿವಿ ಮಂದವಾಗಿರುವುದು, ಇವನ್ನೆಲ್ಲ ನೋಡಿದ ಮೇಲೆ ಡಿಮೆನ್ಶಿಯಾದ ಮಾತು.

ಮರೆವಿನ ಪರೀಕ್ಷೆ ಯಾವುದು ಎಂದು ಕೇಳುವುದು ನಿಮ್ಮ ಹಕ್ಕು. ಎಷ್ಟೋ ಹಳೆಯ ಪರೀಕ್ಷೆಗಳು ಇಂಗ್ಲಿಷ್ ಓದುಬರಹ ಬಲ್ಲವರಿಗಾಗಿ ಮಾಡಿದವು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ಅಜ್ಜಿಗೆ ಅದರಲ್ಲಿ ಅಂಕ ಕಡಿಮೆ ಬಂದರೆ ಅದು ಕಾಯಿಲೆಯ ಗುರುತಾಗುವುದಿಲ್ಲ. ನೈಋತ್ಯ ಸಿಡ್ನಿಯಲ್ಲಿ ನೂರಾರು ಭಾಷೆಯ ವಲಸಿಗರನ್ನು ನೋಡುತ್ತಿದ್ದ ವೈದ್ಯರು ಇದನ್ನರಿತು ‘ರೂಡಾಸ್’ ಎಂಬ ಪರೀಕ್ಷೆ ರೂಪಿಸಿದರು. 2004ರಲ್ಲಿ ಅದು ಪ್ರಕಟವಾಯಿತು. ಆರು ಭಾಗ, ಒಟ್ಟು 30 ಅಂಕ. ಟೀ, ಅಡುಗೆ ಎಣ್ಣೆ, ಮೊಟ್ಟೆ, ಸೋಪು ಎಂಬ ಅಂಗಡಿ ಪಟ್ಟಿಯನ್ನು ನೆನಪಿಟ್ಟು ಹೇಳಬೇಕು. ಕೈಯ ಚಲನೆ ಅನುಸರಿಸಬೇಕು. ರಸ್ತೆ ದಾಟುವುದು ಹೇಗೆಂದು ವಿವರಿಸಬೇಕು. ದುಭಾಷಿಯ ಮೂಲಕ ಕನ್ನಡದಲ್ಲೇ ಮಾಡಬಹುದು. “ರೂಡಾಸ್ ಮಾಡುತ್ತೀರಾ?” ಎಂದು ವೈದ್ಯರನ್ನು ಕೇಳಿ.

ಡಿಮೆನ್ಶಿಯಾ ಬೆಳೆದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಗ್ಲಿಷಿನಲ್ಲೇ ವ್ಯವಹರಿಸಿದ ಅಪ್ಪ ಕನ್ನಡಕ್ಕೆ ಮರಳುತ್ತಾರೆ. ಮನೆಮಾತು ತುಳುವಾಗಿದ್ದರೆ ತುಳುವಿಗೇ ಹೋಗಿಬಿಡಬಹುದು, ಕನ್ನಡವೂ ಸಾಲದೆ ಹೋಗಬಹುದು. ಇದನ್ನು ಎದುರುನೋಡಿ ಈಗಲೇ ಸಿದ್ಧರಾಗಿ. ನೀರು, ನೋವು, ಹಸಿವು, ಬಚ್ಚಲು, ಸಾಕು, ಚಳಿ, ಮಲಗಬೇಕು: ಇಂಥ ಇಪ್ಪತ್ತು ಮಾತುಗಳನ್ನು ಚಿತ್ರದ ಜೊತೆ ಕಾರ್ಡಿನಲ್ಲಿ ಬರೆದು, ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು, ಕೇರರ್ ಕೈಗಿಡಿ. ಅಮ್ಮ ಹರೆಯದಲ್ಲಿ ಕೇಳುತ್ತಿದ್ದ ಚಿತ್ರಗೀತೆ, ವಚನ, ದೇವರನಾಮಗಳನ್ನು ಒಂದು ಕಡೆ ಸೇರಿಸಿಡಿ. ಸಂಜೆ ಹೊತ್ತಿನ ಕಳವಳಕ್ಕೆ ಎಷ್ಟೋ ಸಲ ಅದೇ ಔಷಧ. ಡಿಮೆನ್ಶಿಯಾ ಸಹಾಯವಾಣಿ 1800 100 500.

10. ಊರಿಂದ ತಂದ ಔಷಧದ ಡಬ್ಬಿಯನ್ನೂ ವೈದ್ಯರಿಗೆ ತೋರಿಸಿ

ಕಷಾಯದ ಪುಡಿ, ಭಸ್ಮ, ಮೆಂತ್ಯ, ಹಾಗಲಕಾಯಿ ರಸ ಎಲ್ಲವನ್ನೂ ಹೇಳಿ. ಕೆಲವು ಭಸ್ಮಗಳಲ್ಲಿ ಸೀಸದಂಥ ಲೋಹ ಸಿಕ್ಕಿರುವುದುಂಟು. ಮೆಂತ್ಯ-ಹಾಗಲ ಸಕ್ಕರೆ ಮಾತ್ರೆಯ ಜೊತೆ ಸೇರಿ ಸಕ್ಕರೆಯನ್ನು ಅತಿಯಾಗಿ ಇಳಿಸಬಹುದು. ಬೈಯುತ್ತಾರೆಂದು ಮುಚ್ಚಿಡಬೇಡಿ. ಮಾತ್ರೆಗಳನ್ನು ಹೊತ್ತಿಗೆ ತಕ್ಕಂತೆ ವಿಂಗಡಿಸಿ ಪ್ಯಾಕ್ ಮಾಡಿಕೊಡಲು ಫಾರ್ಮಸಿಗೆ ಹೇಳಿ. ಪ್ಯಾಕಿನ ಮೇಲೆ ಬೆಳಿಗ್ಗೆ, ರಾತ್ರಿ ಎಂದು ಕನ್ನಡದಲ್ಲಿ ನೀವೇ ಬರೆಯಿರಿ.

11. ಬಂದವರ ಜಾತಿ, ಬಣ್ಣ ಕೇಳಬೇಡಿ

ಇದನ್ನು ಹೇಳಲೇಬೇಕು. ಕೆಲವು ಮನೆಗಳಲ್ಲಿ ಆಫ್ರಿಕಾದಿಂದ ಬಂದ ಕೇರರ್ ಬೇಡವೆನ್ನುತ್ತಾರೆ. ನಮ್ಮೂರಿನವರೇ ಬಂದರೆ ಅಡ್ಡಹೆಸರು ಕೇಳಿ ಜಾತಿ ಹುಡುಕುತ್ತಾರೆ. ಅಡುಗೆಮನೆಗೆ ಬರಬೇಡ ಅನ್ನುತ್ತಾರೆ. ಇದಕ್ಕೆ ಸಂಸ್ಕೃತಿಯ ಹೆಸರು ಕೊಡಬಾರದು. ಹೆಂಗಸಿಗೆ ಹೆಂಗಸು ಬೇಕು, ಕನ್ನಡ ಬಲ್ಲವರು ಬೇಕು ಎಂದು ಕೇಳುವುದು ನ್ಯಾಯ. ಮೈ ತೊಳೆಸಲು ಬಂದವರನ್ನು ಅವಮಾನಿಸುವುದು ಯಾವ ನೆಲದಲ್ಲೂ ನ್ಯಾಯವಲ್ಲ. ಹಿರಿಯರು ಹೀಗೆ ನಡೆದುಕೊಂಡರೆ ಮಕ್ಕಳು ಕೇರರ್ ಎದುರೇ ಕ್ಷಮೆ ಕೇಳಬೇಕು, ಆಮೇಲೆ ಅಪ್ಪನ ಹತ್ತಿರ ಕೂತು ಗಟ್ಟಿಯಾಗಿ ಮಾತಾಡಬೇಕು.

ಒಬ್ಬರೇ ಕೇರರ್ ಖಾಯಂ ಬರುವಂತೆ ಕೇಳಿಕೊಳ್ಳಿ. ಸಂಸ್ಥೆ ತಪ್ಪು ಮಾಡಿದಾಗ ಸುಮ್ಮನಿರಬೇಡಿ. ರೂಢಿ-ನಂಬಿಕೆಗಳನ್ನು ಗೌರವಿಸುವ ಆರೈಕೆ ಹೊಸ ಕಾಯ್ದೆಯ ಹಕ್ಕುಗಳ ಪಟ್ಟಿಯಲ್ಲೇ ಇದೆ. ವೃದ್ಧರ ಪರ ವಾದಿಸಲು ಉಚಿತ ಸೇವೆಯಿದೆ: 1800 700 600. ದೂರು ಕೊಟ್ಟರೆ ಇದ್ದ ಸೇವೆಯೂ ಹೋದೀತೆಂದು ಹೆದರುವವರು ಮೊದಲು ಈ ಸಂಖ್ಯೆಗೇ ಕರೆ ಮಾಡಲಿ.

12. ಊರಿನ ಮನೆ ಮಾರಿ ಮಗನ ಸಾಲ ತೀರಿಸುವ ಮೊದಲು ಕಾಗದ ಮಾಡಿಸಿ

ಮೈಸೂರಿನ ಮನೆಯೋ ಬೆಂಗಳೂರಿನ ಸೈಟೋ ಮಾರಿ ಬಂದ ಹಣವನ್ನು ಮಗನ ಹೊಸ ಮನೆಗೆ ಹಾಕುವುದು ಸಾಮಾನ್ಯ. ಪತ್ರದಲ್ಲಿ ಅಪ್ಪನ ಹೆಸರಿರುವುದಿಲ್ಲ. ಮನಸ್ತಾಪವಾದರೆ, ಮಗ-ಸೊಸೆ ಬೇರೆಯಾದರೆ, ಆ ಹಿರಿಯರಿಗೆ ಅಲ್ಲೂ ನೆಲೆಯಿಲ್ಲ, ಇಲ್ಲೂ ಇಲ್ಲ. ವಯೋವೃದ್ಧರ ಪಿಂಚಣಿಗೆ ಸಾಮಾನ್ಯವಾಗಿ ಹತ್ತು ವರ್ಷ ಅಲ್ಲಿ ನೆಲೆಸಿರಬೇಕು. ಹಾಗಾಗಿ ಕೈಯಲ್ಲಿ ಕಾಸೂ ಇರುವುದಿಲ್ಲ. ಭಾರತದೊಂದಿಗೆ 2016ರ ಜನವರಿ 1ರಿಂದ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯಲ್ಲಿದೆ, ಇಲ್ಲಿ ಪಿ.ಎಫ್. ಕಟ್ಟಿ ದುಡಿದವರು ತಮ್ಮ ವಿಷಯದಲ್ಲಿ ಅದು ಅನ್ವಯಿಸುತ್ತದೆಯೇ ಎಂದು ಪಿಂಚಣಿ ನೋಡಿಕೊಳ್ಳುವ ಸರ್ಕಾರಿ ಕಚೇರಿ ಸೆಂಟರ್‌ಲಿಂಕ್‌ನಲ್ಲಿ ವಿಚಾರಿಸಲಿ.

ಹಣ ಕೊಡುವುದು ಬೇಡವೆನ್ನುತ್ತಿಲ್ಲ. ವಕೀಲರ ಎದುರು ಒಪ್ಪಂದ ಬರೆಸಿ: ಎಷ್ಟು ಕೊಟ್ಟದ್ದು, ಬದಲಿಗೆ ಬದುಕಿರುವವರೆಗೆ ಯಾವ ಕೋಣೆ, ಯಾವ ಆರೈಕೆ, ಮನೆ ಮಾರಿದರೆ ಏನು. ವಕೀಲರು ಮಗನ ವಕೀಲರಾಗಿರಬಾರದು. ಒಳ್ಳೆಯ ಮಕ್ಕಳು ಇದಕ್ಕೆ ಬೇಸರಪಡುವುದಿಲ್ಲ. ಬೈಗುಳ, ಹಣ ಕಿತ್ತುಕೊಳ್ಳುವುದು, ಪಾಸ್‌ಪೋರ್ಟ್ ಬಚ್ಚಿಡುವುದು ನಡೆಯುತ್ತಿದ್ದರೆ 1800 353 374ಕ್ಕೆ ಕರೆ ಮಾಡಬಹುದು. ಮರ್ಯಾದೆಗೆ ಅಂಜಿ ಸುಮ್ಮನಿರುವ ತಾಯಂದಿರಿಗೆ ಈ ಸಂಖ್ಯೆಯನ್ನು ಯಾರಾದರೂ ಬರೆದುಕೊಡಿ.

13. ಸೊಸೆಗೆ, ಮಗಳಿಗೆ ರಜೆ ಕೊಡಿ. ಕೊನೆಗಾಲದ ಮಾತು ಮೊದಲೇ ಆಡಿ

ಮನೆಯ ಆರೈಕೆಯ ಭಾರ ಹೆಚ್ಚಾಗಿ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ‘ಕೇರರ್ ಗೇಟ್‌ವೇ’, 1800 422 737, ಆರೈಕೆ ಮಾಡುವವರಿಗಾಗಿಯೇ ಇದೆ: ಸಲಹೆ, ಆಪ್ತಸಮಾಲೋಚನೆ, ಕೆಲವು ದಿನದ ಬಿಡುವು. ಹೊರಗಿನವರ ಕೈಗೆ ಅತ್ತೆಯನ್ನು ಎರಡು ದಿನ ಒಪ್ಪಿಸಿದರೆ ಕರ್ತವ್ಯ ಬಿಟ್ಟಂತಲ್ಲ. ದಣಿದವರ ಕೈಯಲ್ಲಿ ಆರೈಕೆ ಒರಟಾಗುತ್ತದೆ. ಗಂಡುಮಕ್ಕಳೂ ಡಯಾಪರ್ ಬದಲಿಸುವುದನ್ನು ಕಲಿಯಬೇಕು.

ಹಿರಿಯರಿಗೆ ಮಾತಾಡಲಾಗದ ಸ್ಥಿತಿ ಬಂದಾಗ ಅವರ ಪರವಾಗಿ ನಿರ್ಧರಿಸುವವರು ಯಾರೆಂದು ಕಾನೂನಿನ ಪ್ರಕಾರ ನೇಮಿಸಿ. ನ್ಯೂ ಸೌತ್ ವೇಲ್ಸ್‌ನಲ್ಲಿ, ವಿಕ್ಟೋರಿಯಾದಲ್ಲಿ ಇದರ ನಿಯಮ, ನಮೂನೆ ಬೇರೆ ಬೇರೆ. ವೆಂಟಿಲೇಟರ್ ಬೇಕೇ, ಬಾಯಿಗೆ ತುಳಸಿ ನೀರು ಬಿಡಬೇಕೇ, ದಹನವೋ ಸಮಾಧಿಯೋ, ಬೂದಿ ಎಲ್ಲಿಗೆ ಎಂಬುದನ್ನೂ ಕೇಳಿ ಬರೆದಿಡಿ. ಅಪಶಕುನವೆಂದು ಮಕ್ಕಳು ಹಿಂಜರಿಯುತ್ತಾರೆ. ಹಿರಿಯರು ಸಾಮಾನ್ಯವಾಗಿ ಹಿಂಜರಿಯುವುದಿಲ್ಲ.

14. ಸಂಘದವರೇ, ವಾರದ ಒಂದು ಹಗಲನ್ನು ಹಿರಿಯರಿಗೆ ಕೊಡಿ

ಕನ್ನಡ ಸಂಘಗಳು ಯುಗಾದಿ, ಗಣೇಶ, ರಾಜ್ಯೋತ್ಸವವನ್ನು ಚೆನ್ನಾಗಿ ಮಾಡುತ್ತವೆ. ಅವೆಲ್ಲ ಶನಿವಾರ-ಭಾನುವಾರದ್ದು. ಹಿರಿಯರ ಒಂಟಿತನ ಇರುವುದು ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಬೀದಿಯಲ್ಲಿ ಒಂದು ನರಪಿಳ್ಳೆ ಕಾಣದು. ಕಾರು ಓಡಿಸಲು ಬಾರದು.

ವಲಸಿಗರು ತಮ್ಮ ಹಿರಿಯರಿಗೆ ತಾವೇ ಕಟ್ಟಿಕೊಂಡ ವ್ಯವಸ್ಥೆ ದೇಶದ ನೀತಿಯನ್ನೇ ಬದಲಿಸಿದ ಉದಾಹರಣೆ ಇದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್‌ನಲ್ಲಿ 1970ರ ದಶಕದ ಆರಂಭದಲ್ಲಿ ವೃದ್ಧಾಶ್ರಮಕ್ಕೆ ಹೋಗಲೊಲ್ಲದ ಚೀನೀ ಮುದುಕರಿಗಾಗಿ ‘ಆನ್ ಲಾಕ್’ ಎಂಬ ಸಂಸ್ಥೆ ಹುಟ್ಟಿತು. ಹಗಲು ಕೇಂದ್ರಕ್ಕೆ ಕರೆತಂದು, ಅವರ ಭಾಷೆಯಲ್ಲಿ ಮಾತು, ಅವರ ಊಟ, ವೈದ್ಯರು, ಸಂಜೆ ಮತ್ತೆ ಮನೆ. ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ 1997ರಲ್ಲಿ ಅಮೆರಿಕ ಸರ್ಕಾರ ಅದೇ ಮಾದರಿಯನ್ನು ‘ಪೇಸ್’ ಎಂಬ ಹೆಸರಿನಲ್ಲಿ ದೇಶದ ಕಾಯಂ ಕಾರ್ಯಕ್ರಮ ಮಾಡಿತು. ಮೆಲ್ಬೋರ್ನಿನಲ್ಲೇ ಗ್ರೀಕರು 1977ರಲ್ಲಿ ಶುರುಮಾಡಿದ ‘ಫ್ರೊಂಡಿಥಾ’ ಇಂದಿಗೂ ತಮ್ಮ ಹಿರಿಯರನ್ನು ನೋಡಿಕೊಳ್ಳುತ್ತಿದೆ. ಆ ಜನಾಂಗಗಳಿಗೂ ಆರಂಭದಲ್ಲಿ ಹಣವಿರಲಿಲ್ಲ.

ಶುರುಮಾಡಲು ಬೇಕಾದ್ದು ಸ್ವಲ್ಪವೇ. ಗ್ರಂಥಾಲಯದ ಅಥವಾ ಕೌನ್ಸಿಲ್ಲಿನ ಒಂದು ಕೋಣೆ, ಬುಧವಾರದ ನಾಲ್ಕು ಗಂಟೆ, ಮನೆಯಿಂದ ಕರೆತರಲು ಸರದಿಯ ಮೇಲೆ ಕಾರು, ಫಿಲ್ಟರ್ ಕಾಫಿ, ಚೌಕಾಬಾರ, ಕನ್ನಡ ಪತ್ರಿಕೆ. ಆ ನಾಲ್ಕು ಗಂಟೆಯಲ್ಲಿ ಒಬ್ಬ ನರ್ಸ್ ಬಂದು ರಕ್ತದೊತ್ತಡ ನೋಡಲಿ, ಒಬ್ಬರು ಅರ್ಜಿ ತುಂಬಿಸಿಕೊಡಲಿ. ಮಕ್ಕಳು ದೊಡ್ಡವರಾಗಿ ಬಿಡುವಾಗಿರುವ ಕನ್ನಡದ ಹೆಣ್ಣುಮಕ್ಕಳು ‘ಸರ್ಟಿಫಿಕೇಟ್ 3, ಇಂಡಿವಿಜುಯಲ್ ಸಪೋರ್ಟ್’ ತರಬೇತಿ ಪಡೆಯುವಂತೆ ಉತ್ತೇಜಿಸಿ. ಕನ್ನಡ ಮಾತಾಡುವ ಕೇರರ್‌ಗಳು ಬೇರೆಲ್ಲಿಂದಲೂ ಬರುವುದಿಲ್ಲ. ಹಿಂಜರಿಯುವ ಸಮಿತಿಯವರಿಗೆ ಒಂದು ಮಾತು: ಒಂದು ವಾರ್ಷಿಕ ಕಾರ್ಯಕ್ರಮದ ವೇದಿಕೆ ಅಲಂಕಾರದ ಖರ್ಚನ್ನು ಇತ್ತ ತಿರುಗಿಸಿ ಶುರುಮಾಡಿ.

ನಿಮ್ಮ ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಯಾರೂ ಈ ವಿಷಯ ಎತ್ತದಿದ್ದರೆ ದಯವಿಟ್ಟು ನೀವು ಎದ್ದು ನಿಂತು ಎತ್ತಿ.